ನೀಲಿಯ ಕೊಡ, ಅಕ್ಕಸಾಲಿಯ ಉರಿನೀರು

ಒಂದಾನೊಂದು ಕಾಲ್ದಲ್ಲಿ, ತವರಿಂದ ಬಂದ ಕೊಡಕ್ಕೆಲ್ಲ ಹೆಸರು ಹೊಡೆಸ್ತಿದ್ದ ಕಾಲ ಕಣೇ ಪುಟ್ಟಿ, ಒಂದು ಮನೇಲಿ ಮೂರು ಜನ ಸೊಸೆಯರಿದ್ರಂತೆ. ಕಿರೀ ಸೊಸೆ ನೀಲಮ್ಮ. ಅವಳಮ್ಮ ಕಂಚುಗಾರರ ಮನೆಯವಳು, ಮಗಳ ಮದುವೇಲಿ ತಾಮ್ರದ ಕೊಡಕ್ಕೆ ತಾನೇ ಉಳಿ ಹಿಡಿದು ಚುಕ್ಕಿಚುಕ್ಕಿಯಾಗಿ ನೀಲಿ ಅಂತ ಹೊಡೆದುಕೊಟ್ಟು, ಆಮೇಲೆ ಆ ವರ್ಷವೇ ತೀರಿಹೋದಳಂತೆ. ಅವಳನ್ನ ನೀಲಿ ಅಂತ ಕರೀತಿದ್ದವಳು ಆ ತಾಯಿ ಒಬ್ಬಳೇ.

ಆಮೇಲೆ ನಾದಿನಿ ಮದುವೆ ಬಂತು, ಸೊಸೆಯರೆಲ್ಲ ತವರಿನ ಕೊಡ ಬೆಳಗಿ ಚಪ್ಪರದಡಿ ಇಡಬೇಕು ಅಂದಳಂತೆ ಅತ್ತೆ. ನೀಲಿಯ ಕೊಡ ಕರ್ರಗಾಗಿ ಕೂತಿತ್ತು. ಮೊದಲು ಹುಳಿಮಜ್ಜಿಗೇಲಿ ಉಜ್ಜಿದಳು, ಕಪ್ಪು ಜಗ್ಗಲಿಲ್ಲ. ಆಮೇಲೆ ಹುಣಸೆಹಣ್ಣು ಮೆತ್ತಿದಳು, ಸಂಜೆವರೆಗೆ ಉಜ್ಜಿದರೂ ಅಂಗೈಯಗಲ ಜಾಗ ಕೆಂಪಾಯ್ತಂತೆ, ಅಷ್ಟೇ. ಇದು ತವರಿನ ಕೊಡಾನೋ ಬಚ್ಚಲ ಹಂಡೇನೋ ಅಂತ ಓರಗಿತ್ತಿಯರು ನಕ್ಕರಂತೆ.

ಅವಮಾನ ತಡೀಲಾರದೆ ಅಕ್ಕಸಾಲಿ ಮಾನಾಚಾರಿ ಹತ್ರ ಹೋಗಿ ಉರಿನೀರು ಕೇಳಿದಳಂತೆ, ಈಗಿನವರು ಆಸಿಡ್ಡು ಅಂತಾರಲ್ಲ, ಅದು. ಮುದುಕ ಎರಡು ಸುಣ್ಣಕಲ್ಲು ಇಟ್ಟು, ಒಂದರ ಮೇಲೆ ಹುಣಸೆ ನೀರು ಬಿಟ್ಟನಂತೆ, ಒಂದೊಂದೇ ಗುಳ್ಳೆ ಎದ್ದಿತು. ಇನ್ನೊಂದರ ಮೇಲೆ ಉರಿನೀರು ಬಿಟ್ಟರೆ ಭುಸ್ ಅಂತ ಉಕ್ಕಿಬಂತಂತೆ. ನೋಡವ್ವ, ಹುಣಸೆ ತನ್ನ ಹುಳೀನ ಮಡಿಲಲ್ಲಿ ಕಟ್ಕೊಂಡು ಚೂರುಚೂರೇ ಬಿಡುತ್ತೆ, ಇದು ಇರೋದನ್ನೆಲ್ಲ ಒಂದೇ ಸಲ ಸುರಿದುಬಿಡುತ್ತೆ, ನೀನು ಹುಣಸೇನೇ ಉಜ್ಜು ಅಂದನಂತೆ. ರಾಶಿ ಹುಣಸೆಹಣ್ಣಿಗೇ ಜಗ್ಗದ ಕೊಡ, ಒಂದು ಸೌಟು ನೀರಿಗೆ ಏನಾದೀತು ಅಂದ್ಕೊಂಡು, ಇವಳು ಕಾಡಿ ಬೇಡಿ ಗಾಜಿನ ಬುಡ್ಡೀಲಿ ತಂದೇಬಿಟ್ಟಳಂತೆ.

ತಂದವಳು ಸುರಿದಳು. ಕಂದು ಹೊಗೆ ಎದ್ದು, ನೀರು ಹಸಿರುಹಸಿರಾಗಿ ಇಳೀತಂತೆ. ಗಾಬರಿಯಾಗಿ ಒಲೆ ಬೂದಿ ಎರಚಿದಳು, ಬುಸುಬುಸು ನೊರೆ ಬಂದು ಸುಮ್ಮನಾಯ್ತು. ತೊಳೆದು ನೋಡ್ತಾಳೆ, ಕೊಡ ಹೊಸಾದು. ಸವರಿ ನೋಡ್ತಾಳೆ, ನುಣ್ಣಗೆ. ಅಮ್ಮ ಹೊಡೆದ ಹೆಸರೇ ಇಲ್ಲ.

ಚಪ್ಪರದಡಿ ಎಲ್ಲರೂ ಅವಳ ಕೊಡವನ್ನೇ ಹೊಗಳಿದರಂತೆ. ಅವಳು ಹಿತ್ತಲಲ್ಲಿ ಸೆರಗು ಬಾಯಿಗಿಟ್ಟು ಅತ್ತಳಂತೆ, ಒಂದು ದಿನದ ಮೆಚ್ಚುಗೆಗೆ ಅಮ್ಮನ ಕೈಬರಹ ಕಳಕೊಂಡೆನಲ್ಲ ಅಂತ. ಓರಗಿತ್ತಿಯರೂ ಹತ್ರ ಬಂದು ಕೂತು, ನಾವು ಆಡಿಕೊಳ್ಳಬಾರದಿತ್ತು ಅಂದರಂತೆ. ಗಂಡ ಕಂಚುಗಾರನ್ನ ಕರೆಸಿ ಮತ್ತೆ ನೀಲಿ ಅಂತ ಹೊಡೆಸಿದ. ಹೊಸ ಚುಕ್ಕಿ ಅಮ್ಮನವಕ್ಕಿಂತ ಅಚ್ಚುಕಟ್ಟಾಗಿತ್ತಂತೆ, ಅದೇ ಅವಳಿಗೆ ಸಂಕಟ.

ಆಮೇಲೆ ಮಕ್ಕಳುಮರಿ ಆಗಿ ಸುಖವಾಗೇ ಇದ್ದಳಂತೆ. ಮಗಳ ಮದುವೇಲಿ ತಾನೇ ಉಳಿ ಹಿಡಿದು, ಅವಳ ಕೊಡಕ್ಕೆ ಸೊಟ್ಟಸೊಟ್ಟಗೆ ಹೆಸರು ಹೊಡೆದು, ಕಪ್ಪಾದರೆ ಕಪ್ಪಾಗೇ ಇರಲಿ ಬಿಡು ಮಗಳೇ ಅಂದಳಂತೆ. ಅಲ್ಲಿಗೆ ನೀಲಿಯ ಕತೆ ಮುಗೀತು, ಕಣ್ಮುಚ್ಚು ನನ್ನವ್ವ.