ಸಾಹೇಬರ ಕಾರ್ ರೇಸ್

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ. ಆ ಪಿಂಚಣಿ ಕಚೇರಿಯ ಸಾಹೇಬರಿಗೆ ಕಾರ್ ರೇಸ್ ಆಟದ ಹುಚ್ಚು. ಅವರ ಹಳೇ ಕಂಪ್ಯೂಟರಿನಲ್ಲಿ ಕಾರು ನಿಂತು ನಿಂತು ಓಡುತ್ತಿತ್ತು.

“ನಿಮ್ಮದರ ರ‍್ಯಾಮ್ ಕಿತ್ತು ನನ್ನದಕ್ಕೆ ಹಾಕಿಸ್ರೀ!” ಎಂದು ಗುಮಾಸ್ತೆ ಅಂಬುಜಾಕ್ಷಿಗೆ ಗದರಿದರು.

ಅಂಬುಜಾಕ್ಷಿ ಅಂದೇ ಹಾಕಿಸಿದರು. ಕಾರು ಸರ್ರನೆ ಓಡಿತು.

ಮರುದಿನ ಪಿಂಚಣಿದಾರರೆಲ್ಲ ಅಂಬುಜಾಕ್ಷಿಯ ಹಿಂದೆ ಸಾಹೇಬರ ಕೋಣೆಗೇ ನುಗ್ಗಿದರು.

“ಇದೇನ್ರೀ ಸಂತೆ?”

“ರ‍್ಯಾಮ್ ಇಲ್ಲದೆ ನನ್ನ ಕಂಪ್ಯೂಟರ್ ಆನ್ ಆಗ್ತಿಲ್ಲ ಸಾರ್. ಇನ್ನು ಇವರ ಕೆಲಸವೆಲ್ಲ ನಿಮ್ಮದರಲ್ಲೇ. ಸ್ವಲ್ಪ ಜರುಗ್ತೀರಾ?”

ಸಂಜೆಯೊಳಗೆ ರ‍್ಯಾಮ್ ವಾಪಸ್ ಬಂತು.

ಆಮೇಲೆ ಊಟದ ಹೊತ್ತಿಗೆ ಸಾಹೇಬರು ಡಬ್ಬಿ ಹಿಡಿದು ಅಂಬುಜಾಕ್ಷಿಯ ಮೇಜಿಗೇ ಬರತೊಡಗಿದರು. “ಒಂದಾಟ ಆಡೋಣವೇನ್ರೀ?”

ನಿವೃತ್ತರಾದ ಅಂಬುಜಾಕ್ಷಿಗೆ ಇಂದಿಗೂ ಆ ಕೀಬೋರ್ಡಿನ ಟಕಟಕ ಕೇಳಿಸುತ್ತದೆ. ಪಾಪ, ಸಾಹೇಬರು ಒಂದು ದಿನವೂ ಗೆಲ್ಲಲಿಲ್ಲ.