ಗುಡ್ಡದ ಕಡೆ ಊರಿದ ಕೋಲು

“ದೇಶದಾಗ ಕೋಟಿ ಕೋಟಿ ಮಂದಿ ಓಟು ಹಾಕತಾರ್ರೀ ಗುರುಗಳ. ಅದರಾಗ ನಂದೊಂದು ಇದ್ದರೇನು, ಇರದಿದ್ದರೇನು?”

ಕೇಳಿದವನು ಶಿಷ್ಯ ಯಮನೂರ. ಮರುದಿನ ಲೋಕಸಭೆ ಚುನಾವಣೆ. ಅವನ ಓಟು ಇದ್ದದ್ದು ಹುಟ್ಟೂರಿನಲ್ಲಿ. ಮಠದಿಂದ ಹೊರಟು ಎರಡು ಬಸ್ಸು ಬದಲಿಸಿ, ಆಮೇಲೆ ಬಿಸಿಲಲ್ಲಿ ನಡೆಯಬೇಕು. ಹೋಗುವ ಮನಸ್ಸು ಅವನಿಗಿರಲಿಲ್ಲ. ಬೇಡ ಬಿಡು ಎಂಬ ಮಾತು ಗುರುಗಳ ಬಾಯಿಂದಲೇ ಬಂದುಬಿಟ್ಟರೆ ನಾಳೆ ಹಾಯಾಗಿ ಮಲಗಬಹುದು ಎಂದುಕೊಂಡಿದ್ದ.

ಗುರುಗಳು ಶೇಂಗಾ ಸುಲಿಯುತ್ತಿದ್ದರು. ಒಂದು ಹಿಡಿ ಕಾಳು ಅವನ ಅಂಗೈಗೆ ಹಾಕಿ, “ತಿನ್ನುತ್ತ ಕೇಳು” ಎಂದರು.

ಒಬ್ಬ ಕುರಿಗಾರನಿದ್ದ. ಹೊಲವಿಲ್ಲ, ಮನೆಯಿಲ್ಲ, ಕಂಬಳಿ ಹಾಸಿದ್ದೇ ಅವನ ಊರು. ಇದ್ದದ್ದು ಬೆರಳೆಣಿಕೆಯ ಕುರಿ. ಒಬ್ಬನೇ ಅಲೆದು ಸಾಕಾಗಿ ಆ ವರ್ಷ ಒಂದು ದೊಡ್ಡ ಹಿಂಡಿನ ಜೊತೆ ಸೇರಿಕೊಂಡಿದ್ದ. ಹಿಂಡಿನವರು ಕೆಟ್ಟವರಲ್ಲ. ಆದರೆ ಹೊಸಬ ಹೊಸಬನೇ. ಅವನು ಎಲ್ಲರ ಹಿಂದೆ ಧೂಳು ತಿನ್ನುತ್ತ ನಡೆಯುತ್ತಿದ್ದ.

ಆ ಹಿಂಡಿನಲ್ಲಿ ಒಂದು ಪದ್ಧತಿಯಿತ್ತು. ದಾರಿ ಕವಲೊಡೆದಲ್ಲಿ ಎಲ್ಲರೂ ನಿಲ್ಲುತ್ತಿದ್ದರು. ಯಾರಿಗೆ ಯಾವ ದಾರಿ ಬೇಕೋ ಆ ಕಡೆ ತನ್ನ ಕೋಲನ್ನು ನೆಲಕ್ಕೆ ಊರಬೇಕು. ಸಾವಿರ ಕುರಿಯವನಿಗೂ ಒಂದೇ ಕೋಲು, ಸಣ್ಣ ಕುರಿಗಾರನಿಗೂ ಒಂದೇ ಕೋಲು. ಹಿಂಡಿನ ಹಿರಿಯ ಬಂದು ಒಂದೊಂದನ್ನೂ ಮುಟ್ಟಿ ಎಣಿಸುತ್ತಿದ್ದ. ಹೆಚ್ಚು ಕೋಲು ನಿಂತ ಕಡೆ ಹಿಂಡು ಹೊರಡುತ್ತಿತ್ತು.

ಒಂದು ದಿನ ಅಂಥ ಕವಲು ಬಂತು. ಒಂದು ದಾರಿ ಒಣಗಿದ ಹಳ್ಳಕ್ಕಿಳಿದು ಅದರೊಳಗೇ ಸಾಗುತ್ತಿತ್ತು. ಎರಡೂ ಕಡೆ ಎತ್ತರದ ದಂಡೆ, ನಡುವೆ ಉಸುಕು. ಅದು ಹತ್ತಿರದ ದಾರಿ. ಇನ್ನೊಂದು ಗುಡ್ಡ ಸುತ್ತಿ ಹೋಗುವ ಕಲ್ಲುದಾರಿ. ಅದರಲ್ಲಿ ಹೋದರೆ ಒಂದು ದಿನ ಹೆಚ್ಚು.

ಕುರಿಗಾರನ ಎರಡು ಕುರಿ ಆಗಷ್ಟೇ ಈದಿದ್ದವು. ಮರಿಗಳು ಇನ್ನೂ ಹಸಿ. ದೂರದಲ್ಲಿ ಮೋಡ ಕವಿದದ್ದು ಅವನಿಗೆ ಕಾಣುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು. ಮೇಲೆಲ್ಲೋ ಮಳೆಯಾದರೆ ಹಳ್ಳ ಹೇಳಿ ಕೇಳಿ ಬರುವುದಿಲ್ಲ. ಬಂದರೆ ಈ ಮರಿಗಳನ್ನು ಹೊತ್ತು ಆ ದಂಡೆ ಹತ್ತುವುದು ಆಗದ ಮಾತು. ಆ ಮರಿಗಳು ಹೋದರೆ ಅವನ ಪಾಲಿಗೆ ಮುಂದಿನ ವರ್ಷವೇ ಹೋದಂತೆ.

ಹಳ್ಳದ ಕಡೆ ಟಪಟಪ ಕೋಲು ನಿಂತವು. ಗುಡ್ಡದ ಕಡೆ ಒಂದೂ ಇಲ್ಲ. ಬಹಳ ಮಂದಿ ಕೋಲು ಹೆಗಲ ಮೇಲಿಟ್ಟುಕೊಂಡು ಸುಮ್ಮನೆ ನಿಂತಿದ್ದರು. ಕುರಿಗಾರನೂ ಮೊದಲು ಹಾಗೇ ನಿಂತ. ‘ನನ್ನದೊಂದು ಕೋಲಿನಿಂದ ಹಿಂಡು ತಿರುಗೀತೇ? ನಗೆಪಾಟಲಾಗುವುದೊಂದೇ ಬಾಕಿ’ ಅಂದುಕೊಂಡ. ಅಷ್ಟರಲ್ಲಿ ಕಂಬಳಿಯ ಜೋಳಿಗೆಯೊಳಗಿಂದ ಒಂದು ಮರಿ ಅವನ ಪಕ್ಕೆಗೆ ಒದೆಯಿತು. ಅವನು ಹೋಗಿ ಗುಡ್ಡದ ಕಡೆ ಕೋಲು ಊರಿ, ನೆಲ ನೋಡುತ್ತ ನಿಂತ.

“ಏ ನೋಡ್ರೋ, ಗುಡ್ಡದ ಗೌಡ ಬಂದ!” ಎಂದೊಬ್ಬ ಕೂಗಿದ. ಎಲ್ಲರೂ ನಕ್ಕರು.

ಹಿರಿಯ ನಗಲಿಲ್ಲ. “ಯಾರದೋ ತಮ್ಮಾ ಆ ಒಂಟಿ ಕೋಲು?”

“ನಂದ್ರೀ ಯಪ್ಪಾ. ಮರಿ ಹಸೀ ಅದಾವ. ಹಳ್ಳಕ್ಕ ಅಂಜತೀನಿ.”

“ಹೆಚ್ಚಿನ ಕೋಲು ಹಳ್ಳದ ಕಡೆ ಅದಾವ. ಹಿಂಡು ಹಳ್ಳಕ್ಕ ಇಳೀತದ,” ಎಂದ ಹಿರಿಯ. “ನೀ ಎಲ್ಲಾರಕಿಂತ ಮುಂದ ನಡಿ. ನಿನ್ನ ದಾಟಿ ಯಾರೂ ಹೋಗಂಗಿಲ್ಲ.”

ಕುರಿಗಾರ ಮೆಲ್ಲಗೆ ಕೋಲು ಕಿತ್ತುಕೊಂಡ. ಬೇರೆ ಮಾತಾಡಿದ್ದಕ್ಕೆ ಕೊಟ್ಟ ಶಿಕ್ಷೆ ಇದು ಎಂದು ತಿಳಿದ. ಅವನ ಮುಖ ನೋಡಿ ಹಿರಿಯನೇ ಹೇಳಿದ: “ಹುಚ್ಚಪ್ಪಾ, ಇದು ನಮ್ಮ ಹಿಂಡಿನ ರೀತಿ. ಒಪ್ಪಿದವ ಕಣ್ಣು ಮುಚ್ಚಿಕೊಂಡು ನಡೀತಾನ. ಅಂಜಿದವ ಮಾತ್ರ ದಾರೀನ ನೆಟ್ಟಗ ನೋಡತಾನ.”

ಹಿಂಡು ಹೊರಟಿತು. ಮುಂದೆ ಕುರಿಗಾರ, ಅವನ ಹಿಂದೆ ಇಡೀ ಹಿಂಡು. ಅವನದು ಒಂದೊಂದೇ ಹೆಜ್ಜೆ. “ಬೀಗರ ಮನೀಗಿ ಹೊಂಟೀ ಏನೋ? ಲಗೂನ ನಡೀ!” ಎಂದು ಹಿಂದಿನವರು ಬೈದರು. ಬೈದರೇ ಹೊರತು ಯಾರೂ ಅವನನ್ನು ದಾಟಲಿಲ್ಲ.

ಹಳ್ಳಕ್ಕೆ ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಜೊತೆಗೆ ನಡೆಯುತ್ತಿದ್ದ ಮರಿಯೊಂದರ ಕಾಲು ಉಸುಕಿನಲ್ಲಿ ಹೂತಿತು. ಅವನು ಮಂಡಿಯೂರಿ ಬಾಗಿ ಅದನ್ನು ಎಳೆದ. ಬಾಗಿದಾಗ ನೆಲದಿಂದ ಒಂದು ಸದ್ದು ಕೇಳಿತು. ದೂರದಲ್ಲಿ ಯಾರೋ ಬೀಸುಕಲ್ಲು ತಿರುವಿದಂಥ ಸದ್ದು. ತಲೆಯೆತ್ತಿ ಕಿವಿಗೊಟ್ಟರೆ ಏನೂ ಇಲ್ಲ. ಮತ್ತೆ ಬಾಗಿದ. ಸದ್ದು ದೊಡ್ಡದಾಗಿತ್ತು.

ಅವನು ಎದ್ದವನೇ ಕೋಲನ್ನು ಅಡ್ಡ ಹಿಡಿದು, “ಹಿಂದಕ್ಕ! ಹಿಂದಕ್ಕ ಹೊಡೀರಿ!” ಎಂದು ಅರಚಿದ.

ಹಿಂಡಿನ ಬಹುಪಾಲು ಇನ್ನೂ ಮೇಲೆಯೇ ಇತ್ತು. ಇಳಿದಿದ್ದವು ತಿರುಗಿ ದಂಡೆ ಹತ್ತಿದವು. ಕೊನೆಯ ಮರಿಯನ್ನು ಕುರಿಗಾರ ಕೊರಳಿಗೆ ಸುತ್ತಿಕೊಂಡು ಹತ್ತುತ್ತಿದ್ದಂತೆ ಹಳ್ಳ ಬಂತು. ಕೆಂಪು ನೀರು, ಬೇರುಸಹಿತ ಜಾಲಿಮರ ಹೊತ್ತುಕೊಂಡು, ದಂಡೆಯಿಂದ ದಂಡೆಗೆ ತುಂಬಿ ಹರಿಯಿತು.

ಹಿರಿಯ ಕುರಿಗಳನ್ನು ಎಣಿಸಿದ. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದ. ಒಂದೂ ಕಡಿಮೆಯಿರಲಿಲ್ಲ. ಹೋದದ್ದು ಯಾರದೋ ಹರಕು ಕಂಬಳಿಯೊಂದೇ. ಆಗ ಎಲ್ಲರಿಗೂ ಉಸಿರು ಬಂತು. ಒಬ್ಬ ಅತ್ತ, ಇನ್ನೊಬ್ಬ ಅಳುವವನನ್ನು ನೋಡಿ ನಕ್ಕ. ಗುಡ್ಡದ ಗೌಡ ಎಂದು ಕೂಗಿದವನೇ ಕಲ್ಲು ಹೂಡಿ ಚಹಾ ಕಾಸಿ, ಮೊದಲ ಲೋಟ ಕುರಿಗಾರನ ಕೈಗಿಟ್ಟ. “ಕುಡಿಯಪ್ಪಾ ಗೌಡ,” ಎಂದ. ಮರಿಗಳು ಏನೂ ಆಗಿಲ್ಲವೆಂಬಂತೆ ಬಾಲ ಅಲ್ಲಾಡಿಸುತ್ತ ಮೊಲೆಗೆ ಬಾಯಿ ಹಾಕಿದ್ದವು. ಕುರಿಗಾರ ಅವನ್ನು ನೋಡುತ್ತ ಕುಳಿತ.

ಆಗ ಕೋಲು ಊರದೆ ನಿಂತಿದ್ದವರು ಬಾಯಿಬಿಟ್ಟರು. “ಖರೇ ಹೇಳಬೇಕಂದ್ರ ನನಗೂ ಅಳುಕಿತ್ತು,” ಎಂದ ಒಬ್ಬ. “ನನಗೂ ಇತ್ತೋ ಮಾರಾಯಾ. ನಂದೊಂದು ಕೋಲಿನಿಂದ ಏನಾದೀತು ಅಂತ ಬಿಟ್ಟೆ,” ಎಂದ ಮತ್ತೊಬ್ಬ. ಒಬ್ಬರ ಹಿಂದೊಬ್ಬರು ಅದನ್ನೇ ಹೇಳಿದರು. ಅಷ್ಟೂ ಕೋಲು ಗುಡ್ಡದ ಕಡೆ ನಿಂತಿದ್ದರೆ ಹಿಂಡು ಹಳ್ಳದ ಹತ್ತಿರವೂ ಸುಳಿಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದರು.

ಯಮನೂರನಿಗೂ ಎದೆ ಹಗುರಾಗಿತ್ತು. ಮರಿಗಳು ಉಳಿದವಲ್ಲ ಎಂದು ಒಳಗೊಳಗೇ ಹಿಗ್ಗಿದ್ದ. ಆದರೂ ನಾಳಿನ ಬಿಸಿಲು ನೆನಪಾಗಿ ಇನ್ನೊಂದು ಪ್ರಶ್ನೆ ತೆಗೆದ.

“ಅಲ್ಲರೀ ಗುರುಗಳ, ಕೋಲು ಊರದವರು ಯಾರ ಮಾತಿಗೂ ಅಡ್ಡ ಬಂದಿರಲಿಲ್ಲಲ್ಲ. ಸುಮ್ಮನ ನಿಂತಿದ್ದರು, ಅಷ್ಟ. ಅವರನ್ನ ಹಿರಿಯ ಯಾವ ಕಡೆ ಎಣಿಸಿದ?”

“ಕುರಿಗಳ ಕಡೆ,” ಎಂದರು ಗುರುಗಳು.

ಯಮನೂರನ ಅಂಗೈಯಲ್ಲಿ ಶೇಂಗಾ ಹಾಗೇ ಉಳಿಯಿತು.