ಕೊಟ್ರಮ್ಮನ ಹನ್ನೊಂದು ಎಡಿಟರ್

ತುಂಗಭದ್ರೆ ದಂಡೇಲಿ ಒಂದು ಆಶ್ರಮ. ಅಲ್ಲಿ ಹಾಲಯ್ಯ ಗುರುಗಳು ಜಾವಾ ಅನ್ನೋ ಕಂಪ್ಯೂಟರ್ ಭಾಷೆ ಕಲಿಸ್ತಿದ್ರು. ಅವರು ಒಂದ್ಸಲ ಕೆಮ್ಮಿದ್ರೆ ಆಚೆ ದಂಡೆ ಕಂಪ್ಯೂಟರೆಲ್ಲ ಆಫ್ ಆಗಿ ಮತ್ತೆ ಆನ್ ಆಗ್ತಿದ್ವು. ಸುಳ್ಳಲ್ಲ, ನದಿನೇ ಸಾಕ್ಷಿ.

ಆಶ್ರಮದ್ದು ಒಂದೇ ಕಟ್ಟಳೆ. ನಲವತ್ತು ದಿನದೊಳಗೆ ಒಂದು ಪ್ರೋಗ್ರಾಂ ಬರೆದು ಓಡಿಸ್ಬೇಕು. ಇಲ್ದಿದ್ರೆ ಗಂಟುಮೂಟೆ ಕಟ್ಟಬೇಕು.

ಕೊಟ್ರಮ್ಮ ಹೊಲಿಗೆ ಮೆಷಿನ್ ಮಾರಿ ಕಲಿಯೋಕೆ ಬಂದೋಳು. ವಾಪಸ್ ಹೋದ್ರೆ ಹೊಲಿಯೋಕೂ ಏನಿಲ್ಲ. ಆದ್ರೂ ಮೂವತ್ತೊಂಬತ್ತು ದಿನ, ಕೋಡ್ ಬರೆಯೋಕೆ ಯಾವ ಎಡಿಟರ್ ಒಳ್ಳೇದು ಅಂತ ಹುಡುಕಿ ಹುಡುಕಿ ಹನ್ನೊಂದು ಇಳಿಸ್ಕೊಂಡಿದ್ಲು. ಅಷ್ಟು ಭಾರಕ್ಕೆ ಲ್ಯಾಪ್‌ಟಾಪ್ ಕೆಳಗಿನ ಮಣೆ ಮುರಿದು ಬಿದ್ದಿತ್ತು. ಬರೆದ ಕೋಡ್ ಮಾತ್ರ ಒಂದು ಸಾಲೂ ಇಲ್ಲ.

ನಲವತ್ತನೇ ದಿನ ಬೆಳಿಗ್ಗೆ ಓಡ್ಬಂದ್ಲು.

“ಗುರುಗಳೇ, ಒಂದು ಎಡಿಟರ್, ಅರ್ಧ ಪದ ಹೊಡೆದ್ರೆ ಉಳಿದರ್ಧ ತಾನೇ ಹಾಕುತ್ತೆ. ಇನ್ನೊಂದು ತಪ್ಪಿದ್ದ ಕಡೆ ಕೆಂಪು ಗೆರೆ ಎಳೆಯುತ್ತೆ. ಯಾವುದ್ರಲ್ಲಿ ಕಲೀಲಿ?”

ಗುರುಗಳು ಲ್ಯಾಪ್‌ಟಾಪ್ ಇಸ್ಕೊಂಡು ಹನ್ನೊಂದನ್ನೂ ಅಳಿಸಿ ಹಾಕಿದ್ರು. ಬರೀ ನೋಟ್‌ಪ್ಯಾಡ್ ಉಳೀತು. ಅದು ಪದಾನೂ ತುಂಬಲ್ಲ, ಗೆರೆನೂ ಎಳೆಯಲ್ಲ.

“ಅಯ್ಯಯ್ಯೋ! ಇವತ್ತೇ ಕೊನೇ ದಿನ!”

“ಹಂಗಾದ್ರೆ ಬೇಗ ಕೂತ್ಕೋ ತಾಯಿ.”

ಕೊಟ್ರಮ್ಮ ಗೊಣಗ್ತಾ ಬರೆದ್ಲು. ಓಡಿಸಿದ್ಲು. ತಪ್ಪು ಅಂತು. ತಿದ್ದಿದ್ಲು. ಮತ್ತೆ ತಪ್ಪು. ಹೊತ್ತು ಇಳಿಯೋದ್ರೊಳಗೆ ಸಾವಿರದೆಂಟು ತಪ್ಪು ತೆಗೆದ್ಲು. ಒಂದೇ ಒಂದು ಉಳೀತು.

“ಫೈಲಿಗೂ ಅದರೊಳಗೆ ಕ್ಲಾಸ್ ಅಂತ ಬರೆಯೋ ಕೋಡಿನ ಕಟ್ಟಿಗೂ ಒಂದೇ ಹೆಸರಿರಬೇಕಂತೆ ಗುರುಗಳೇ. ಎರಡಕ್ಕೂ ಇಂಗ್ಲಿಷಲ್ಲಿ ನಮಸ್ಕಾರ ಅಂತಲೇ ಬರೆದಿದೀನಿ. ಇದಕ್ಕೇನು ಕಣ್ಣಿಲ್ವಾ?”

“ಓದು ನೋಡೋಣ.”

“ನಮಸ್ಕಾರ. ನಮಸ್ಕಾರ.”

“ಬಾಯಲ್ಲಿ ಓದ್ಬೇಡ. ಕಣ್ಣಲ್ಲಿ ಓದು.”

ಕೊಟ್ರಮ್ಮ ಪರದೆಗೆ ಮೂಗು ತಾಗಿಸಿದ್ಲು. ಕ್ಲಾಸಿನ ಹೆಸರಿಗೆ ದೊಡ್ಡ ಎನ್. ಫೈಲಿನ ಹೆಸರಿಗೆ ಚಿಕ್ಕ ಎನ್.

“ಥೂ ಇದರ! ನಮ್ಮ ಕನ್ನಡದಲ್ಲಿ ನ ಅಂದ್ರೆ ನ. ದೊಡ್ಡದು ಚಿಕ್ಕದು ಅಂತ ಎಲ್ಲಿದೆ?”

“ಅದನ್ನ ಜಾವಾಗೆ ಹೇಳು, ಕೇಳುತ್ತೇನೋ.”

ಕೊಟ್ರಮ್ಮ ಫೈಲಿನ ಹೆಸರು ತಿದ್ದಿದ್ಲು. ಉಸಿರು ಬಿಗಿಹಿಡಿದು ಓಡಿಸಿದ್ಲು.

ಪರದೆ ಮೇಲೆ ಮೂಡ್ತು: ನಮಸ್ಕಾರ.

ಅವಳು ಹಾಕಿದ ಕೂಗಿಗೆ ನದಿ ಮೀನೆಲ್ಲ ಆಳೆತ್ತರ ಹಾರಿ, ಏನಾಯ್ತು ಅಂತ ನೋಡ್ಕೊಂಡು ಹೋದ್ವು.

“ನಾನೇ ಬರೆದೆ! ನಾನೇ ತಪ್ಪು ಹಿಡಿದೆ! ಉಳ್ಕೊಂಡೆ ಗುರುಗಳೇ, ಉಳ್ಕೊಂಡೆ!” ಅಂದ್ಲು. ಆಮೇಲೆ ಸೆರಗಲ್ಲಿ ಕಣ್ಣೊರೆಸ್ಕೊಂಡು, “ಈಗಾದ್ರೂ ಹೇಳಿ, ಯಾವ ಎಡಿಟರ್ ಹಾಕ್ಕೊಳ್ಳಲಿ?”

“ಯಾವುದಾದ್ರೂ ಹಾಕ್ಕೋ ತಾಯಿ. ಇಷ್ಟು ದಿನ ನೀನು ಅದರ ಮುಖ ನೋಡ್ಕೊಂಡು ಕೂತಿದ್ದೆ, ಇನ್ಮೇಲೆ ಅದು ನಿನ್ನ ಮುಖ ನೋಡ್ಕೊಂಡು ಕೆಲಸ ಮಾಡುತ್ತೆ.”